ಕಥೆಯ ರಾಕ್ಷಸನಿಗೂ ರೂಲ್‌ಬುಕ್ಕಿನ ರಾಕ್ಷಸನಿಗೂ ಹೊಂದಾಣಿಕೆ ಮಾಡುವುದು ಹೇಗೆ?

ಕೂರ್ಮಗಡ

ಕಾರವಾರದಲ್ಲಿ ಹೊಸ ಕ್ಯಾಂಪೇನ್ (ತಿಂಗಳುಗಟ್ಟಲೆ ಮುಂದುವರಿಯುವ ಒಂದೇ ಕಥೆಯ ಆಟ) ಕಟ್ಟುತ್ತಿದ್ದೇವೆ. ದಾಳ ಹಾಕಿ ಪಾತ್ರ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 5ನೇ ಆವೃತ್ತಿ, 2014ರ ನಿಯಮ. ನಾಲ್ಕು ಆಟಗಾರರು, ಎಲ್ಲರೂ 5ನೇ ಲೆವೆಲ್: ಫೈಟರ್ (ಯೋಧ), ರೋಗ್ (ಚಾಲಾಕಿ ಕಳ್ಳ), ಕ್ಲೆರಿಕ್ (ಪೂಜಾರಿ), ವಿಝಾರ್ಡ್ (ಮಂತ್ರವಾದಿ). ನೆಲ ನಮ್ಮ ಜಿಲ್ಲೆಯ ಹಾಗಿನದೇ. ಮೇಲೆ ಘಟ್ಟ, ಕೆಳಗೆ ಅಳಿವೆ ಮತ್ತು ಗಜನಿ (ಉಪ್ಪುನೀರಿನ ಗದ್ದೆ), ನಡುವೆ ಯಾಣದಂಥ ಕಪ್ಪು ಬಂಡೆ.

ಆಡುವವರೆಲ್ಲ ಯಕ್ಷಗಾನದ ಆಟ, ತಾಳಮದ್ದಳೆ ನೋಡಿ ಬೆಳೆದವರು. ರಾಕ್ಷಸ ಅಂದರೆ ಅವರ ಕಣ್ಣಿಗೆ ಬರುವುದು ಬಣ್ಣದ ವೇಷ. ಪುಸ್ತಕದಲ್ಲಿ ಇರುವುದು ಹುಲಿಮುಖದ, ಅಂಗೈ ಹಿಂದುಮುಂದಾದ ಇನ್ನೊಂದೇ ಪ್ರಾಣಿ. ಅದು ಹಾಗಿರಲಿ, ಪುಸ್ತಕದ ಒಳಗೂ ಹೊಂದಾಣಿಕೆ ಇಲ್ಲ. ವರ್ಣನೆಯಲ್ಲಿ 'ಬೆಂಕಿ ಇಲ್ಲದೆ ಸಾಯದು' ಅಂತ ಇರ್ತದೆ, ಆಡುವಾಗ ಎರಡೇ ರೌಂಡಿಗೆ (ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ರೌಂಡ್) ಸತ್ತು ಬೀಳ್ತದೆ. ಕಥೆಯನ್ನು ನಿಯಮಕ್ಕೆ ಬಗ್ಗಿಸಬೇಕಾ, ನಿಯಮವನ್ನು ಕಥೆಗೆ ಬಗ್ಗಿಸಬೇಕಾ? ಲೆಕ್ಕದ ಸಮೇತ ಹೇಳಿದರೆ ಉಪಕಾರ.

ಶಿರಸಿ ಡಿಎಂ

ಟ್ರೋಲ್ ಅನ್ನುವ ದೈತ್ಯನಿಂದಲೇ ಶುರು ಮಾಡುವಾ. ನೀವು ಹೇಳಿದ ತೊಂದರೆ ಅದರಲ್ಲಿ ಸ್ಪಷ್ಟವಾಗಿ ಕಾಣ್ತದೆ.

2014ರ ಟ್ರೋಲ್: ಎಸಿ (ಪೆಟ್ಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕಿ) 15, ಹಿಟ್ ಪಾಯಿಂಟ್ (ಜೀವದ ಅಂಕಿ) 84. ತನ್ನ ಟರ್ನ್ (ಸರದಿ) ಶುರುವಾದಾಗ 10 ವಾಪಸ್ ಬರ್ತದೆ. ಬೆಂಕಿ ಅಥವಾ ಆಸಿಡ್ ತಾಗಿದ್ದರೆ ಮುಂದಿನ ಒಂದು ಟರ್ನಿಗೆ ಬರುವುದಿಲ್ಲ. ಸೊನ್ನೆಯಲ್ಲಿ ಟರ್ನ್ ಶುರುವಾಗಿ, ಆ 10 ಬಾರದೇ ಹೋದರೆ ಮಾತ್ರ ಸಾವು.

ಈಗ ನಿಮ್ಮ ತಂಡ ನೋಡಿ. ಫೈಟರ್‌ಗೆ 20 ಮುಖದ ದಾಳದ ಮೇಲೆ +7 ಇದ್ದರೆ ಎಸಿ 15ಕ್ಕೆ ನೂರಕ್ಕೆ 65 ಪೆಟ್ಟು ತಾಗ್ತದೆ. ಗ್ರೇಟ್‌ಸೋರ್ಡ್ 2ಡಿ6+4 (ಆರು ಮುಖದ ಎರಡು ದಾಳ, ಮೇಲೆ 4), ಸರಾಸರಿ 11, ಎರಡು ಏಟಿಗೆ ರೌಂಡಿಗೆ 14 ಚಿಲ್ಲರೆ. ರೋಗ್ ಸ್ನೀಕ್ ಅಟ್ಯಾಕ್ (ಸಂದು ನೋಡಿ ಹೊಡೆಯುವ ಹೆಚ್ಚುವರಿ ಪೆಟ್ಟು) ಸೇರಿ 12ರ ಆಸುಪಾಸು. ಕ್ಲೆರಿಕ್, ವಿಝಾರ್ಡ್ ಬರೀ ಕ್ಯಾಂಟ್ರಿಪ್ (ಖರ್ಚಿಲ್ಲದ ಚಿಕ್ಕ ಸ್ಪೆಲ್, ಅಂದರೆ ಮಂತ್ರ) ಹೊಡೆದರೂ ಇಬ್ಬರದೂ ಸೇರಿ 12. ಒಟ್ಟು 38, 40. ಎರಡನೇ ರೌಂಡಿನ ಕೊನೆಗೋ ಮೂರನೆಯದರಲ್ಲೋ ಟ್ರೋಲ್ ನೆಲಕ್ಕೆ. ಈ ನಡುವೆ ಅದು ವಾಪಸ್ ಪಡೆಯುವುದು ಹೆಚ್ಚೆಂದರೆ 20. ವಿಝಾರ್ಡ್ ಹತ್ತಿರ ಫೈರ್ ಬೋಲ್ಟ್ ಇದ್ದರೆ ಅದೂ ಇಲ್ಲ. ಖರ್ಚಿಲ್ಲದೆ, 120 ಅಡಿ ದೂರದಿಂದ, ರೌಂಡಿಗೊಮ್ಮೆ ಬೆಂಕಿ. ಅದಿಲ್ಲದಿದ್ದರೂ ಬಿದ್ದ ಮೇಲೆ ಪಂಜಿನಿಂದ ಒಂದು ತಿವಿದರೆ ಸಾಕು. ಪಂಜಿನ ಪೆಟ್ಟಿಗೆ ಬೆಂಕಿ ಡ್ಯಾಮೇಜ್ 1, ಆ ಒಂದೇ ಸಾಕು.

ಕಥೆಯಲ್ಲಿ ಇದ್ದದ್ದು ಷರತ್ತು, 'ಬೆಂಕಿ ತಾಗುವವರೆಗೆ ಸಾವಿಲ್ಲ' ಅಂತ. ಪುಸ್ತಕ ಆ ಷರತ್ತನ್ನು ಉಳಿಸಿಕೊಂಡಿದೆ, ಆದರೆ ಪೂರೈಸುವುದನ್ನು ತೀರಾ ಸುಲಭ ಮಾಡಿಟ್ಟಿದೆ. ಹಾಗಾಗಿ 84ನ್ನು 150 ಮಾಡುವುದರಿಂದ ಪ್ರಯೋಜನ ಇಲ್ಲ. ಜಗಳ ಉದ್ದ ಆಗ್ತದೆ ಅಷ್ಟೇ. ಬೆಂಕಿಯನ್ನು ದುಬಾರಿ ಮಾಡಿ.

ನಮ್ಮ ನೆಲದಲ್ಲಿ ಅದಕ್ಕೆ ಮಳೆಗಾಲವೇ ಇದೆ. ಆಷಾಢದ ಘಟ್ಟದ ಕಾಡಿನಲ್ಲಿ ಪಂಜು ಉರಿಯುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಎಣ್ಣೆ ಎರಚಿ ಹೊತ್ತಿಸಿದರೆ ಹೆಚ್ಚುವರಿ 5 ಡ್ಯಾಮೇಜ್ ಅಂತ ನಿಯಮ ಇದೆ, ಆದರೆ ಹೊತ್ತಿಸಲು ಬೇರೆ ಕಿಡಿ ಬೇಕು. ಆಸಿಡ್ ಸೀಸೆಗೆ 25 ಚಿನ್ನದ ನಾಣ್ಯ, 2ಡಿ6. ಫೈರ್ ಬೋಲ್ಟನ್ನು ಮಾತ್ರ ಮಳೆಯ ಹೆಸರಿನಲ್ಲಿ ನಿಲ್ಲಿಸಬೇಡಿ. ಆಟಗಾರ ಆರಿಸಿಕೊಂಡ ಸ್ಪೆಲ್ ಅದು, ಕಸಿದುಕೊಂಡರೆ ನ್ಯಾಯ ಅಲ್ಲ. ಬದಲಿಗೆ ಎರಡು ಟ್ರೋಲ್ ಇಡಿ, ಒಂದು ಬಿದಿರು ಮೆಳೆಯ ಆಚೆ. ಒಂದು ರೌಂಡಿಗೆ ಒಂದಕ್ಕೇ ಬೆಂಕಿ, ಯಾವುದಕ್ಕೆ ಅಂತ ಅವರೇ ತೀರ್ಮಾನಿಸಲಿ. ಜಗಳದ ರುಚಿಯೇ ಬೇರೆ ಆಗ್ತದೆ.

ಇನ್ನೊಂದು: ಟ್ರೋಲ್‌ನ ಟರ್ನ್ ಬಂದಾಗಲೆಲ್ಲ ಗಾಯ ಕೂಡಿಕೊಳ್ಳುವುದನ್ನು ಬಾಯಿಬಿಟ್ಟು ಹೇಳಿ. 'ಭುಜದ ಸೀಳು ಒಳಗಿನಿಂದ ಹೊಲಿದ ಹಾಗೆ ಮುಚ್ಚಿತು, ಸುಟ್ಟ ಜಾಗ ಮಾತ್ರ ಹಾಗೇ ಇದೆ.' ಆಡಿಸುವವರು ಪರದೆಯ ಹಿಂದೆ ಸುಮ್ಮನೆ 10 ಕೂಡಿಸಿಕೊಂಡು ಕೂತರೆ ಆಟಗಾರನ ಪಾಲಿಗೆ ಆ ಕಥೆ ಇಲ್ಲ.

ಕಗ್ಗ

ತೋಳಮಾನವನದೂ ಇದೇ ಪಾಡು. 2014ರಲ್ಲಿ ಬೆಳ್ಳಿ ಲೇಪ ಇಲ್ಲದ ಸಾದಾ ಆಯುಧ ತಾಗುವುದಿಲ್ಲ. ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಬೆಳ್ಳಿ ಹಾಕಿಸಲು 100 ಚಿನ್ನದ ನಾಣ್ಯ. ಆದರೆ ಮಾಂತ್ರಿಕ ಕತ್ತಿ ಯಾವುದಾದರೂ ತಾಗ್ತದೆ, ಸ್ಪೆಲ್ ಎಲ್ಲವೂ ತಾಗ್ತದೆ. ನಾಲ್ಕೈದು ಲೆವೆಲ್ ದಾಟಿದ ಮೇಲೆ ಬೆಳ್ಳಿಯ ನೆನಪೇ ಯಾರಿಗೂ ಇರುವುದಿಲ್ಲ. 2025ರ ಪರಿಷ್ಕೃತ ಪುಸ್ತಕದಲ್ಲಂತೂ ಆ ರಕ್ಷಣೆಯನ್ನೇ ತೆಗೆದಿದ್ದಾರೆ.

ಸರಳ ಪರಿಹಾರ: ಎಲ್ಲ ಡ್ಯಾಮೇಜೂ ತಾಗಲಿ, ಆದರೆ 1 ಹಿಟ್ ಪಾಯಿಂಟಿಗಿಂತ ಕೆಳಗೆ ಇಳಿಸುವುದು ಬೆಳ್ಳಿಯಿಂದ ಮಾತ್ರ. 1ಕ್ಕೆ ಬಂದ ಕೂಡಲೇ ತೋಳ ಓಡಲಿ. ಆಗ ಯಾರ ಕತ್ತಿಯೂ ವ್ಯರ್ಥ ಆಗುವುದಿಲ್ಲ. ಬೆಳ್ಳಿ ತರದವರಿಗೆ ಮುಂದಿನ ಹುಣ್ಣಿಮೆಗೆ ಅದೇ ತೋಳ ಎದುರು.

ಬಣ್ಣದವೇಷ

ಕೂರ್ಮಗಡ ಅವರೇ, ನಮ್ಮ ಕಥೆಗಳಲ್ಲಿ ನಿಯಮ ಮಾಡಲು ಹೇಳಿ ಮಾಡಿಸಿದ ಹಾಗಿರುವವನು ರಕ್ತಬೀಜ. ದೇವೀಮಾಹಾತ್ಮ್ಯೆಯ ಎಂಟನೇ ಅಧ್ಯಾಯ. ರಕ್ತದ ಹನಿ ನೆಲಕ್ಕೆ ಬಿದ್ದರೆ ಅವನಷ್ಟೇ ಬಲದ ಇನ್ನೊಬ್ಬ ಏಳ್ತಾನೆ.

ಎಲ್ಲರೂ ಮೊದಲು ಮಾಡುವುದು ಪುಸ್ತಕದ ಬ್ಲ್ಯಾಕ್ ಪುಡ್ಡಿಂಗನ್ನು (ಕಪ್ಪು ಲೋಳೆಯಂಥ ಪ್ರಾಣಿ) ತಂದು ಹೆಸರು ಬದಲಾಯಿಸುವುದು. ಕತ್ತರಿಸಿದರೆ, ಸಿಡಿಲು ಬಡಿದರೆ ಅದು ಎರಡಾಗ್ತದೆ, ಇದ್ದ ಹಿಟ್ ಪಾಯಿಂಟನ್ನು ಅರ್ಧರ್ಧ ಹಂಚಿಕೊಳ್ತದೆ. ರಕ್ತಬೀಜ ಹಾಗಲ್ಲ. ಅವನು ಕಮ್ಮಿ ಆಗುವುದಿಲ್ಲ. ಅಲ್ಲದೆ ಪುಡ್ಡಿಂಗಿನ ಎದುರು ಫೈಟರ್ ಗದೆ ಎತ್ತಿಕೊಂಡರೆ ಸಮಸ್ಯೆಯೇ ಮುಗೀತು. ಮಾಲ್ (ದೊಡ್ಡ ಸುತ್ತಿಗೆ) ಕೂಡ 2ಡಿ6, ಗ್ರೇಟ್‌ಸೋರ್ಡ್‌ನಷ್ಟೇ. ಕಥೆಯಲ್ಲಿ ಇಂದ್ರನ ಶಕ್ತಿಯಾದ ಐಂದ್ರಿಯ ವಜ್ರಾಯುಧದ ಪೆಟ್ಟಿಗೂ ರಕ್ತ ಸುರಿದಿದೆ. ಹಾಗಾಗಿ ಯಾವ ಆಯುಧ ತಾಗಿದರೂ ಹನಿ ಬೀಳಲೇಬೇಕು.

ಈ ಕಥೆಯ ಜೀವ ಇರುವುದು ಇಬ್ಬರು ಸೇರಿ ಮಾಡುವ ಕೆಲಸದಲ್ಲಿ. ದೇವಿ ಹೊಡೀತಾಳೆ, ಚಾಮುಂಡಿ ಬಾಯಿ ಅಗಲಿಸಿ ರಕ್ತ ನೆಲಕ್ಕೆ ಬೀಳದ ಹಾಗೆ ಹಿಡೀತಾಳೆ. ಅದನ್ನೇ ನಿಯಮ ಮಾಡಿ:

ಎಸಿ 15, ಹಿಟ್ ಪಾಯಿಂಟ್ 110. ಆಯುಧದ ಏಟು ತಾಗಿದಾಗಲೆಲ್ಲ ಒಂದು ಹನಿ. ಅವನಿಂದ 5 ಅಡಿಯೊಳಗೆ ಇರುವ ಯಾರಾದರೂ ತಮ್ಮ ರಿಯಾಕ್ಷನ್ (ರೌಂಡಿಗೊಂದೇ ಸಿಗುವ ಪ್ರತಿಕ್ರಿಯೆ) ಖರ್ಚು ಮಾಡಿ ಹಿಡಿಯಬಹುದು, ಡೆಕ್ಸ್ಟೆರಿಟಿ ಸೇವ್ 13 (ಚುರುಕುತನದ ದಾಳ, 13 ಮುಟ್ಟಬೇಕು). ಹೊಡೆದವನೇ ಹಿಡಿಯುವ ಹಾಗಿಲ್ಲ. ಕೈಯಲ್ಲಿ ಗುರಾಣಿ, ಬಟ್ಟಲು, ಕಂಬಳಿ ಏನಾದರೂ ಬೇಕು. ಕಂಬಳಿ ಮೂರು ಹನಿಗೆ ತೊಯ್ದು ಮುಗೀತದೆ. ಹಿಡಿಯದಿದ್ದರೆ ಪಕ್ಕದ ಚೌಕದಲ್ಲಿ ಒಬ್ಬ ಎದ್ದ: ಹಿಟ್ ಪಾಯಿಂಟ್ 15, ಒಂದೇ ದಾಳಿ, +5, ಡ್ಯಾಮೇಜ್ 7.

ಫೈಟರ್‌ನಿಂದ ರೌಂಡಿಗೆ ಸರಾಸರಿ 1.3 ಹನಿ, ರೋಗ್‌ನಿಂದ 0.65, ಅಂದಾಜು ಎರಡು. ಡೆಕ್ಸ್ಟೆರಿಟಿಯಲ್ಲಿ ಪಳಗಿದ ರೋಗ್‌ಗೆ ಸೇವ್ +7, ನೂರಕ್ಕೆ 75 ಸಲ ಹಿಡೀತಾನೆ. +0 ಇರುವ ಕ್ಲೆರಿಕ್‌ಗೆ 40. ರೌಂಡಿಗೆ ಒಬ್ಬ ಹೆಚ್ಚುತ್ತಾನೆ ಅಂತ ಇಟ್ಟುಕೊಳ್ಳಿ. ಯಾರೂ ಹಿಡಿಯದಿದ್ದರೆ ಇಬ್ಬರು. ಆರಕ್ಕಿಂತ ಹೆಚ್ಚು ಎದ್ದೇಳದ ಹಾಗೆ ಮಿತಿ ಹಾಕಿ. ಎಸಿ 16ರ ಎದುರು ಆರು ಜನ ಸೇರಿ ರೌಂಡಿಗೆ 21 ಡ್ಯಾಮೇಜ್, ಮೂಲದವನದ್ದು ಬೇರೆ. 5ನೇ ಲೆವೆಲ್ಲಿನ ನಾಲ್ವರದೂ ಸೇರಿ 150ರ ಹತ್ತಿರ ಇರ್ತದೆ, ಇದಕ್ಕಿಂತ ಹೆಚ್ಚು ತಡೆಯಲಾಗುವುದಿಲ್ಲ.

ನಿಯಮ ಕಥೆಯನ್ನು ಬಗ್ಗಿಸಲೇಬೇಕಾದ ಜಾಗ ಒಂದಿದೆ. ಕಥೆಯಲ್ಲಿ ಎದ್ದವರ ರಕ್ತದಿಂದಲೂ ಮತ್ತೆ ಏಳ್ತಾರೆ. ಅದನ್ನು ಹಾಗೇ ತಂದರೆ ಒಂದು, ಎರಡು, ನಾಲ್ಕು, ಎಂಟು, ಐದನೇ ರೌಂಡಿಗೆ ಹದಿನಾರು. ಆಡಿಸುವವರ ಟರ್ನ್ ಮುಗಿಯುವುದೇ ಇಲ್ಲ. ಎದ್ದವರಿಗೆ ರಕ್ತ ಇಲ್ಲ, ಹೊಡೆದರೆ ಮಣ್ಣಾಗ್ತಾರೆ ಅಂತ ಮಾಡಿ.

ಅಡಿಕೆತೋಟ

ಚೆನ್ನಾಗಿದೆ ಮಾರಾಯ್ರೇ. ಒಂದು ತಿದ್ದುಪಡಿ: ಎದ್ದವರಿಗೆ ಹಿಟ್ ಪಾಯಿಂಟ್ 15 ಬೇಡ. ವಿಝಾರ್ಡ್‌ನ ಫೈರ್‌ಬಾಲ್ 8ಡಿ6, ಸರಾಸರಿ 28, ಸೇವ್ ಆದವರಿಗೆ ಅರ್ಧ, ಅಂದರೆ 14. ಹದಿನೈದರವರು ಒಂದೊಂದು ಪಾಯಿಂಟ್ ಉಳಿಸಿಕೊಂಡು ನಿಂತಿರ್ತಾರೆ. ದಿನಕ್ಕೆ ಮೂರನೇ ಲೆವೆಲ್ ಸ್ಲಾಟ್ (ಆ ಮಟ್ಟದ ಸ್ಪೆಲ್ ಹಾಕುವ ಅವಕಾಶ) ಎರಡೇ ಇರುವವನು ಒಂದನ್ನು ಖರ್ಚು ಮಾಡಿದ್ದಕ್ಕೆ ಅದು ಬೇಸರದ ಫಲ. ಫೈಟರ್‌ನ ಸರಾಸರಿ ಏಟೂ 11. ಹಿಟ್ ಪಾಯಿಂಟ್ 10 ಇಡಿ, ಒಂದು ಏಟಿಗೆ ಒಬ್ಬ ಹೋಗಲಿ.

ರಿಯಾಕ್ಷನ್ ಖರ್ಚು ಅನ್ನುವುದು ಒಳ್ಳೆಯ ಜಾಗಕ್ಕೆ ಬಿದ್ದಿದೆ. ರೋಗ್‌ಗೆ 5ನೇ ಲೆವೆಲ್ಲಿಗೆ ಅನ್‌ಕ್ಯಾನಿ ಡಾಡ್ಜ್ ಬರುವುದು ಅದೇ ರಿಯಾಕ್ಷನ್‌ನಲ್ಲಿ, ವಿಝಾರ್ಡ್‌ನ ಶೀಲ್ಡ್ ಸ್ಪೆಲ್ ಕೂಡ. ಹನಿ ಹಿಡಿದವನು ಆ ರೌಂಡಿಗೆ ತನ್ನ ಮೈ ಕಾಯುವ ಹಾಗಿಲ್ಲ. ಕಥೆಯ ಭಯ ಅಂಕಿಯೊಳಗೆ ಬಂದದ್ದು ಇಲ್ಲೇ.

'ದೋಣಿಯ ಮೇಲೆ ಜಗಳ ಆದರೆ?' ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಉತ್ತರ ಮೊದಲೇ ಬರೆದಿಟ್ಟುಕೊಳ್ಳಿ. ಕಥೆಯಲ್ಲಿ ಹನಿ ಬೀಳಬೇಕಾದ್ದು ಭೂಮಿಗೆ. ಹಲಗೆ ಭೂಮಿ ಅಲ್ಲ, ನೀರೂ ಭೂಮಿ ಅಲ್ಲ. ಅವನನ್ನು ಅಳಿವೆಯ ನಡುವಿಗೆ ಕರೆತಂದರೆ ಅವರು ಗೆದ್ದ ಹಾಗೆಯೇ, ಗೆಲ್ಲಲಿ ಬಿಡಿ.

ಕೂರ್ಮಗಡ

ಹತ್ತೇ ಸರಿ ಅನಿಸ್ತದೆ, ಹಾಗೇ ಬರೆದುಕೊಂಡೆ. ಇನ್ನು ಯಾಣ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅಂತ ಗಾದೆಯೇ ಇರುವಾಗ ಆ ಬಂಡೆ ಬಿಟ್ಟು ಕ್ಯಾಂಪೇನ್ ಆಗುವುದಿಲ್ಲ. ಅಲ್ಲೇ ಬೂದಿಯಾದ ಅನ್ನುವ ಭಸ್ಮಾಸುರನ ಉರಿಗಯ್ಯನ್ನು ನಿಯಮಕ್ಕೆ ಹೇಗೆ ತರುವುದು? ತಾಗಿದರೆ ಬೂದಿ ಅಂದರೆ ಒಂದೇ ರೋಲಿಗೆ ಆರು ತಿಂಗಳ ಪಾತ್ರ ಹೋಗ್ತದೆ. 10ಡಿ6 ಬೆಂಕಿ ಅಂದರೆ ಭಸ್ಮಾಸುರ ಅನಿಸುವುದೇ ಇಲ್ಲ.

ಶಿರಸಿ ಡಿಎಂ

ನೋಟದಿಂದಲೇ ಕಲ್ಲು ಮಾಡುವ ಮೆಡೂಸಾಳ ನಿಯಮ ನೋಡಿ. ಅವಳ ನೋಟಕ್ಕೆ ಸೇವ್ ತಪ್ಪಿದರೆ ಸಾಮಾನ್ಯವಾಗಿ ಮೊದಲು ಮೈ ಬಿಗಿಯಾಗಿ ರಿಸ್ಟ್ರೇನ್ಡ್ (ಕಟ್ಟಿಹಾಕಿದ ಸ್ಥಿತಿ), ಮುಂದಿನ ಟರ್ನಿನ ಕೊನೆಗೆ ಇನ್ನೊಂದು ಸೇವ್, ಅದೂ ತಪ್ಪಿದರೆ ಕಲ್ಲು. ಐದು ಅಥವಾ ಅದಕ್ಕಿಂತ ಹೆಚ್ಚು ಅಂತರದಲ್ಲಿ ತಪ್ಪಿದವರಿಗೆ ಮಾತ್ರ ನೇರ ಕಲ್ಲು. ಭಸ್ಮಾಸುರನಿಗೆ ಆ ನೇರ ದಾರಿ ಬೇಡ, ಎರಡು ಹಂತ ಮಾತ್ರ ಇಟ್ಟುಕೊಳ್ಳಿ.

ಮೊದಲನೇ ಟರ್ನ್: ಎಡಗೈಯಲ್ಲಿ ಹಿಡೀತಾನೆ, ಮಾಮೂಲಿ ಗ್ರ್ಯಾಪಲ್. ಎರಡನೇ ಟರ್ನ್: ಹಿಡಿದವನನ್ನು ಬಿಟ್ಟಿರದಿದ್ದರೆ ಬಲಗೈ ತಲೆಯ ಮೇಲೆ, ಕಾನ್ಸ್ಟಿಟ್ಯೂಶನ್ (ಮೈಗಟ್ಟಿತನ) ಸೇವ್ 15. ತಪ್ಪಿದರೆ ಬೂದಿ. ನಡುವೆ ಇಡೀ ಒಂದು ರೌಂಡ್ ಸಿಗ್ತದೆ. ಬಿಡಿಸಿಕೊಳ್ಳಬಹುದು, ಗೆಳೆಯರು ಅವನನ್ನು ಐದಡಿ ತಳ್ಳಿ ಹಿಡಿತ ಬಿಡಿಸಬಹುದು, ಮಿಸ್ಟಿ ಸ್ಟೆಪ್ ಸ್ಪೆಲ್ ಇದ್ದವ ಜಾರಿಕೊಳ್ಳಬಹುದು. ಬಲಗೈ ಎತ್ತುವುದನ್ನು ಮೊದಲ ಟರ್ನಿನ ಕೊನೆಯಲ್ಲೇ ಹೇಳಬೇಕು. ಹೇಳದೆ ಮುಂದಿನ ಟರ್ನಿಗೆ ಸೇವ್ ಕೇಳಿದರೆ ಅದು ಮೋಸ. ಇನ್ನು, ಅವನು ಬರುವ ಮೊದಲೇ ಒಂದು ಜಿಂಕೆಯೋ ಕಾಡುಹಂದಿಯೋ ಬೂದಿ ಆಗುವುದನ್ನು ಅವರು ಕಣ್ಣಾರೆ ನೋಡಿರಬೇಕು.

ಸೋಲಿಸುವುದು ಮೋಹಿನಿಯ ಕುಣಿತದಿಂದ. ಇದನ್ನು ಒಂದೇ ಪರ್ಸುವೇಶನ್ (ಒಲಿಸುವ) ರೋಲಿಗೆ ಇಳಿಸಬೇಡಿ. ಮೂರು ಭಂಗಿ: ಕೈ ಸೊಂಟಕ್ಕೆ, ಕೈ ಭುಜಕ್ಕೆ, ಕೈ ತಲೆಗೆ. ಪ್ರತಿಯೊಂದಕ್ಕೂ ಒಂದು ಆಕ್ಷನ್, ಕುಣಿಯುವವರ ಪರ್ಫಾರ್ಮೆನ್ಸ್ (ಪ್ರದರ್ಶನ) ರೋಲ್ ಎದುರು ಮರ್ಮ ಅರಿಯುವ ಅವನ ಇನ್‌ಸೈಟ್. ಗೆದ್ದರೆ ಅವನ ಮುಂದಿನ ಟರ್ನ್ ಆ ಭಂಗಿಗೇ ಹೋಗ್ತದೆ. ಸೋತರೆ ಅವನು ಆ ಟರ್ನ್ ಹಿಡಿಯಲು ಬರ್ತಾನೆ, ಆದರೆ ಗೆದ್ದ ಭಂಗಿಗಳು ಹಾಗೇ ಉಳಿಯಲಿ. ಯಾರಾದರೂ ಅವನಿಗೆ ಡ್ಯಾಮೇಜ್ ಮಾಡಿದರೆ ಮಾತ್ರ ಮೊದಲಿನಿಂದ. ಈಗ ಫೈಟರ್ ಕತ್ತಿ ಕೆಳಗಿಟ್ಟು ಬೇರೇನಾದರೂ ಮಾಡಲೇಬೇಕು, ಕುಣಿಯುವವರಿಗೆ ಹೆಲ್ಪ್ ಆಕ್ಷನ್‌ನಲ್ಲಿ ತಾಳ ಹಾಕಲಿ.

ಕಗ್ಗ

ಭಾವ, ಒಂದು ತಕರಾರು. ಕಥೆಯಲ್ಲಿ ಅವನಿಗೆ ಸಿಕ್ಕ ವರ ಉರಿಗಯ್ಯಿ ಮಾತ್ರ, ಸಾವಿಲ್ಲ ಅಂತ ವರ ಇಲ್ಲ. ಹಾಗಾದರೆ ರೋಗ್ ದೂರ ನಿಂತು ಬಾಣ ಬಿಟ್ಟರೆ? ಬಾಣ ತಾಗುವುದಿಲ್ಲ ಅಂದರೆ ಭಸ್ಮಾಸುರನಿಗೆ ಹಿರಣ್ಯಕಶಿಪುವಿನ ವರ ಕೊಟ್ಟ ಹಾಗಾಗ್ತದೆ. ಎರಡನ್ನೂ ಕಲಸಬಾರದು.

ಶಿರಸಿ ಡಿಎಂ

ನಿಜ, ಬಾಣ ತಾಗಲೇಬೇಕು. ನೆಲವನ್ನು ಬಳಸಿಕೊಳ್ಳಿ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಜಗಳವನ್ನು ಬಯಲಿನಲ್ಲಿ ಇಡದೆ ಬಂಡೆಯ ಸೀಳಿನೊಳಗೆ ಇಡಿ. ತಿರುವುಗಳಿಂದಾಗಿ 30 ಅಡಿಗಿಂತ ಮುಂದೆ ಕಾಣಬಾರದು. ಅವನು ಒಂದು ಟರ್ನಿಗೆ 40 ಅಡಿ ನಡೆಯುವವ ಆದರೆ ಬಾಣ ಬಿಟ್ಟವನ ಹತ್ತಿರಕ್ಕೆ ಅದೇ ರೌಂಡಿಗೆ ಬಂದಿರ್ತಾನೆ. ಹಿಟ್ ಪಾಯಿಂಟ್ 180 ಇರಲಿ. ಕತ್ತಿಯಿಂದಲೂ ಕೊಲ್ಲಬಹುದು, ಆದರೆ ಅಷ್ಟರಲ್ಲಿ ಒಬ್ಬಿಬ್ಬರು ಬೂದಿ ಆಗಿರ್ತಾರೆ. ಆಯ್ಕೆ ಅವರದು.

ಬಣ್ಣದವೇಷ

ಹಿರಣ್ಯಕಶಿಪುವಿನ ಮಾತು ಬಂತಲ್ಲ, ಅದಕ್ಕೂ ಒಂದು ಲೆಕ್ಕ ಇದೆ. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ನೆಲವೂ ಅಲ್ಲ ಆಕಾಶವೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ, ಆಯುಧದಿಂದಲೂ ಅಲ್ಲ. ಎಲ್ಲ ಒಟ್ಟಿಗೆ ಕೂಡಿದರೆ ಮಾತ್ರ ಡ್ಯಾಮೇಜ್ ಅಂತ ಇಟ್ಟರೆ ನಾಲ್ಕು ಸಿಟ್ಟಿಂಗ್ ಆದರೂ ಮುಗಿಯುವುದಿಲ್ಲ, ಆಟಗಾರರು ಕೈಚೆಲ್ತಾರೆ. ಮೆಟ್ಟಿಲು ಮಾಡಿ: ಎರಡು ಷರತ್ತು ಕೂಡಿದರೆ ಪೂರ್ತಿ ರಕ್ಷಣೆ ಹೋಗಿ ಅರ್ಧ ಡ್ಯಾಮೇಜ್, ನಾಲ್ಕು ಕೂಡಿದರೆ ಪೂರ್ತಿ, ಐದೂ ಕೂಡಿದರೆ ಎಲ್ಲ ಏಟೂ ಕ್ರಿಟಿಕಲ್ (ಡ್ಯಾಮೇಜಿನ ದಾಳ ಇಮ್ಮಡಿ).

ಮುಸ್ಸಂಜೆ ದೊಡ್ಡ ಅಡ್ಡಿ ಅಂತ ಕಾಣ್ತದೆ, ಆದರೆ ಅಲ್ಲ. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗಿದ ಮೇಲೆ ಬೆಳಕು ಇಪ್ಪತ್ತು ನಿಮಿಷವಾದರೂ ಇರ್ತದೆ. ರೌಂಡಿಗೆ ಆರು ಸೆಕೆಂಡ್, ಅಂದರೆ 200 ರೌಂಡ್. ನಿಜವಾದ ಕಷ್ಟ ಅವನನ್ನು ಹೊಸ್ತಿಲಿನ ಒಂದು ಚೌಕಕ್ಕೆ ಎಳೆದು ತಂದು ಅಲ್ಲೇ ಹಿಡಿದಿಡುವುದು. ಜಗಳದ ಹೆಚ್ಚಿನ ಭಾಗ ಆ ಐದಡಿಗಾಗಿಯೇ ನಡೆಯಲಿ. ತಂಡದಲ್ಲಿ ಪ್ರಾಣಿಯ ರೂಪ ತಾಳಬಲ್ಲ ಡ್ರುಯಿಡ್ ಇದ್ದು ವೈಲ್ಡ್ ಶೇಪ್‌ನಲ್ಲಿ ಉಗುರಿನಿಂದ ಹೊಡೆದರೆ ಎರಡು ಷರತ್ತು ಒಂದೇ ಸಲಕ್ಕೆ ಕೂಡಿತು ಅಂತ ಒಪ್ಪಿಕೊಳ್ಳಿ. ಆಟಗಾರ ಹುಡುಕಿದ ಸಂದು ಕಥೆಗೆ ಹೊಂದುವುದಾದರೆ ತಡೆಯಬಾರದು.

ಅಡಿಕೆತೋಟ

ಪುಸ್ತಕದ ರಾಕ್ಷಸ ಬೇಕೇ ಬೇಕು ಅಂದರೆ 5ನೇ ಲೆವೆಲ್ಲಿಗೆ ತರಬೇಡಿ. ಚಾಲೆಂಜ್ ರೇಟಿಂಗ್ (ಎಷ್ಟು ಕಠಿಣ ಅನ್ನುವ ಅಂಕಿ) 13, ಆರನೇ ಲೆವೆಲ್‌ವರೆಗಿನ ಯಾವ ಸ್ಪೆಲ್ಲೂ ಅವನು ಬಯಸದೆ ತಾಗುವುದಿಲ್ಲ. 13ನೇ ಲೆವೆಲ್ಲಿನ ವಿಝಾರ್ಡ್‌ಗೂ ಏಳನೇ ಲೆವೆಲ್ ಸ್ಲಾಟ್ ಇರುವುದು ಒಂದೇ. ಅವನ ದೌರ್ಬಲ್ಯವೂ ಟೇಬಲ್ಲಿನಲ್ಲಿ ಕೆಲಸ ಮಾಡುವುದಿಲ್ಲ. ಒಳ್ಳೆಯವರ ಕೈಯ ಮಾಂತ್ರಿಕ ಚೂಪು ಆಯುಧಕ್ಕೆ ಇಮ್ಮಡಿ ಡ್ಯಾಮೇಜ್ ಅಂತ ಇದೆ, ಆದರೆ ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದೋ ಅನ್ನುವ ಗುರುತು) ಬರೆದಿಟ್ಟುಕೊಂಡು ಆಡುವ ಗುಂಪು ಈಗ ಕಮ್ಮಿ. ಅದರ ಬದಲು 'ಅವನ ಅನ್ನ ಉಣ್ಣದವರ ಕೈಯ ಬಾಣ' ಅಂತ ಮಾಡಿ. ವೇಷ ಮರೆಸಿಕೊಂಡು ಊಟಕ್ಕೆ ಕರೆಯುವವನು ಅವನು. ಊಟ ಮಾಡಿದವರು ಯಾರು, ಬಿಟ್ಟವರು ಯಾರು ಅಂತ ಎಲ್ಲರಿಗೂ ನೆನಪಿರ್ತದೆ.

ಕೂರ್ಮಗಡ

ಚೌಡಿ, ಜಟಕ, ಹುಲಿದೇವರು ಇವರಿಗೂ ಸ್ಟ್ಯಾಟ್ ಬ್ಲಾಕ್ (ಆಟದ ಅಂಕಿಗಳ ಪಟ್ಟಿ) ಬರೆಯಬಹುದಾ?

ಕಗ್ಗ

ಬರೆಯಬೇಡಿ. ಜನ ಇವತ್ತಿಗೂ ಕಾಯಿ ಒಡೆದು ಹರಕೆ ಹೊರುವ ದೈವಗಳು ಅವು. ಹಿಟ್ ಪಾಯಿಂಟ್ ಬರೆದ ಕೂಡಲೇ ಕೊಲ್ಲಬಹುದು ಅಂತ ಆಗ್ತದೆ. ಆಟದ ದೃಷ್ಟಿಯಿಂದಲೂ ಅದು ನಷ್ಟ. ಗಡಿ ಅಂತ ಇಡಿ: ಕಾಣಿಕೆ ಇಟ್ಟು ದಾಟಿದರೆ ಆ ಕಾಡಿನಲ್ಲಿ ರಾತ್ರಿ ತಂಗಿದ್ದು ಪೂರ್ತಿ ಲಾಂಗ್ ರೆಸ್ಟ್. ಇಡದೆ ದಾಟಿದರೆ ಎಷ್ಟು ಮಲಗಿದರೂ ಶಾರ್ಟ್ ರೆಸ್ಟ್ ಮಾತ್ರ. ಸ್ಪೆಲ್ ಸ್ಲಾಟ್ ವಾಪಸ್ ಬಾರದೆ ಹೋದ ಬೆಳಿಗ್ಗೆ ವಿಝಾರ್ಡೇ ಮೊದಲು ಕಾಯಿ ಹುಡುಕಿಕೊಂಡು ಹೋಗ್ತಾನೆ.

ಕೊಳ್ಳಿದೆವ್ವ ತರಬಹುದು, ಆದರೆ ಪುಸ್ತಕದ ವಿಲ್-ಓ-ವಿಸ್ಪ್ ಆಗಿ ಬೇಡ. ಅದಕ್ಕೆ ಎಸಿ 19, ಸಿಡಿಲಿನ ಏಟು 2ಡಿ8, ಅದೊಂದು ಜಗಳದ ಪ್ರಾಣಿ. ನಮ್ಮದು ದಾರಿ ತಪ್ಪಿಸುವಂಥದ್ದು. ಅಘನಾಶಿನಿಯ ಗಜನಿ ಗದ್ದೆಯ ಬದುವಿನ ಮೇಲೆ ರಾತ್ರಿ ನಡೆಯುವಾಗ ಬೆಳಕು ಕಂಡಿತು. ಸರ್ವೈವಲ್ (ದಾರಿ ಹುಡುಕುವ ಅರಿವು) ರೋಲ್ 13, ಮೂರು ಸಲ. ಪ್ರತಿ ಸಲ ತಪ್ಪಿದಾಗ ಭರತದ ನೀರು ಒಂದು ಹಂತ ಏರ್ತದೆ: ಮೊಣಕಾಲಿಗೆ ಬಂದರೆ ಅರ್ಧ ವೇಗ, ಸೊಂಟಕ್ಕೆ ಬಂದರೆ ರಿಸ್ಟ್ರೇನ್ಡ್, ಎದೆಗೆ ಬಂದರೆ ಭಾರದ ಸಾಮಾನು ಬಿಡಲೇಬೇಕು. ದೀಪದ ಜೊತೆ ಹೊಡೆದಾಟವೇ ಇಲ್ಲ.

ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುವುದಂತೂ ಅರ್ಧ ನಿಯಮ ಆಗಿಯೇ ಹುಟ್ಟಿದೆ. ಸುಣ್ಣದ ಕಡ್ಡಿ, ಒಂದು ಆಕ್ಷನ್, ಒಂದು ಬಾಗಿಲಿಗೆ ಒಂದು ರಾತ್ರಿ. ಕರೆಯದೆ ಮನೆಯೊಳಗೆ ಬರಲಾಗದ ವ್ಯಾಂಪೈರಿನ ನಿಯಮದ ಪಕ್ಕದಲ್ಲೇ ಇಡಬಹುದು. ಮಳೆ ಎರಚಲು ಹೊಡೆದರೆ ಅಕ್ಷರ ಅಳಿಸ್ತದೆ, ಗಂಟೆಗೊಂದು ಡಿ6 ಹಾಕಿ, 1 ಬಿದ್ದರೆ ಹೋಯಿತು.

ಕೂರ್ಮಗಡ

ಇದೆಲ್ಲ ಆಟಗಾರರಿಗೆ ತಿಳಿಯುವುದು ಹೇಗೆ? ನಾಲೆಡ್ಜ್ ರೋಲ್ ತಪ್ಪಿದರೆ ಇಷ್ಟೆಲ್ಲ ಕಟ್ಟಿದ್ದು ಯಾರಿಗೂ ಕಾಣದೆ ಹೋಗ್ತದಲ್ಲ.

ಬಣ್ಣದವೇಷ

ಒಡ್ಡೋಲಗದಲ್ಲಿ ವೇಷ ಬಂದು ತಾನು ಯಾರು, ಯಾವ ವರ ಪಡೆದವ ಅಂತ ಹೇಳಿಕೊಂಡ ಮೇಲೆಯೇ ಯುದ್ಧ. ಟೇಬಲ್ಲಿನಲ್ಲೂ ಹಾಗೇ ಮಾಡಿ. ಊರಿನವರಿಗೆಲ್ಲ ಗೊತ್ತಿರುವುದಕ್ಕೆ ರೋಲ್ ಕೇಳಲೇಬೇಡಿ. ರೋಲ್ ಇರಲಿ ವಿವರಕ್ಕೆ: ಆರ್ಕೇನಾ (ಮಂತ್ರವಿದ್ಯೆಯ ಅರಿವು) ಅಥವಾ ರಿಲಿಜನ್ (ಧರ್ಮದ ಅರಿವು) 10ಕ್ಕೆ 'ನೆಲಕ್ಕೆ ಬಿದ್ದರೆ ಮಾತ್ರ', 15ಕ್ಕೆ 'ಎದ್ದವರಿಗೆ ರಕ್ತ ಇಲ್ಲ', 20ಕ್ಕೆ ಹಿಟ್ ಪಾಯಿಂಟಿನ ಅಂದಾಜು. ಮುಖ್ಯ ಷರತ್ತು ತಿಳಿಯಲು ಮೂರು ಬೇರೆ ಬೇರೆ ದಾರಿ ಇರಬೇಕು: ಒಂದು ಕಣ್ಣಿಗೆ ಕಾಣುವಂಥದ್ದು, ಒಂದು ಯಾರೋ ಹೇಳುವಂಥದ್ದು, ಒಂದು ಜಗಳದ ಮೊದಲ ರೌಂಡಿನಲ್ಲೇ ಗೊತ್ತಾಗುವಂಥದ್ದು. ರಕ್ತಬೀಜನಿಗಾದರೆ ದೇವಸ್ಥಾನದ ಗೋಡೆಯ ಚಿತ್ರ, ಬಟ್ಟಲು ಹಿಡಿದು ಓಡಿಬಂದ ಮುದುಕಿ, ಮತ್ತು ಕಲ್ಲು ಹಾಸಿನ ಮೇಲೆ ಬಿದ್ದ ಹನಿಯಿಂದ ಯಾರೂ ಏಳದೇ ಹೋದದ್ದು.

ಅಡಿಕೆತೋಟ

ಸುಳ್ಳು ಸುದ್ದಿಯೂ ಒಂದು ಇರಲಿ, ಊರಲ್ಲಿ ಇದ್ದೇ ಇರ್ತದೆ. ಆದರೆ ಅದನ್ನು ನಂಬಿದ್ದಕ್ಕೆ ಒಂದು ರೌಂಡಿಗಿಂತ ಹೆಚ್ಚು ನಷ್ಟ ಆಗಬಾರದು. ಚಪ್ಪಲಿ ತೋರಿಸಿದರೆ ಓಡ್ತಾನೆ ಅಂತ ನಂಬಿ ಒಬ್ಬ ತನ್ನ ಆಕ್ಷನ್ ಕಳೆದುಕೊಂಡರೆ ಅಷ್ಟೇ ಸಾಕು.

ಕಲ್ಲು ಹಾಸಿನ ಸುಳಿವು ಇಡುವುದಾದರೆ ನಕ್ಷೆಯಲ್ಲಿ ಯಾವ ಚೌಕ ಮಣ್ಣು, ಯಾವುದು ಕಲ್ಲು ಅಂತ ಬಣ್ಣದಲ್ಲಿ ಮೊದಲೇ ಗುರುತು ಮಾಡಿ. ಮಣ್ಣು ಮೂರರಲ್ಲಿ ಎರಡು ಪಾಲಾದರೂ ಇರಲಿ. ಕಲ್ಲು ಹೆಚ್ಚಾದರೆ ಅವನನ್ನು ಅಲ್ಲಿಗೆ ತಳ್ಳಿ ನಿಲ್ಲಿಸಿಕೊಂಡು ಹೊಡೀತಾರೆ, ಹನಿ ಹಿಡಿಯುವ ಕೆಲಸವೇ ಇರುವುದಿಲ್ಲ.